ಮನೆ ಮಾರಿ ಉಳಿಸಿದ ಗರಿಗಳು

(ಮಲೆನಾಡಿನ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ವಿಜಯಪುರದ ಇಬ್ರಾಹಿಂಪುರದ ನಿವಾಸಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನಿಮ್ಮ ಊರಿನ ಮಕ್ಕಳು ನಮ್ಮೂರಿಗೆ ಬಂದು ಒಂದು ದಿನ ಇದ್ದು ಹೋದರು. ಆ ದಿನದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಇಷ್ಟು ದೂರ ಕರೆಸಿದ್ದೀರಿ. ಗೋಲಗುಂಬಜದ ಪಿಸುಗುಟ್ಟುವ ಮೊಗಸಾಲೆ, ಇಬ್ರಾಹಿಂ ರೋಜಾದ ಕಲ್ಲಿನ ಕೆತ್ತನೆ, ಮಲಿಕ್-ಎ-ಮೈದಾನ್ ತೋಪು ಇವುಗಳನ್ನು ಮಕ್ಕಳು ಈಗಾಗಲೇ ನಿಮಗೆ ವರ್ಣಿಸಿರುತ್ತಾರೆ. ಅವುಗಳ ಬಗ್ಗೆ ನಾನು ಮತ್ತೆ ಹೇಳುವುದಿಲ್ಲ. ಅವರು ಬರುವ ಮೊದಲು ಕಳುಹಿಸಿದ್ದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆದಿದ್ದ ಒಂದು ಸಾಲಿನ ಬಗ್ಗೆ ಮಾತ್ರ ಮಾತನಾಡುತ್ತೇನೆ. ಅಲ್ಲಿ ‘ಹಳಕಟ್ಟಿಯವರ ಮನೆ’ ಎಂದಿತ್ತು.

ಈ ಬೇಡಿಕೆ ಎಲ್ಲಿಂದ ಹುಟ್ಟಿತೆಂಬುದು ನನಗೆ ಆಮೇಲೆ ತಿಳಿಯಿತು. ಹಿಂದಿನ ವರ್ಷ ಇದೇ ಮಕ್ಕಳು ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಗೆ ಹೋಗಿ ಕುವೆಂಪು ಅವರ ಮನೆಯನ್ನು ನೋಡಿ ಬಂದಿದ್ದರು. ಅದು ನೋಡಲೇಬೇಕಾದ ಮನೆ, ಅನುಮಾನವಿಲ್ಲ. ತೊಟ್ಟಿಯ ಸುತ್ತ ಎದ್ದ ಮರದ ಕಂಬಗಳು, ಮೇಲಂತಸ್ತುಗಳು, ಒಕ್ಕಲುತನದ ಸಾಮಾನು, ಹಿಂದೆ ಗುಡ್ಡ, ಗುಡ್ಡದ ಮೇಲೆ ಕವಿಶೈಲ. 1992ರಲ್ಲಿ ಸ್ಥಾಪನೆಯಾದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಅದನ್ನು ಕಾಪಾಡಿಕೊಂಡು ಬಂದಿದೆ. ಕಾವಲಿದ್ದೂ 2015ರ ನವೆಂಬರಿನಲ್ಲಿ ಕಳ್ಳರು ಅಲ್ಲಿಂದ ಕವಿಯ ಪದ್ಮ ಪ್ರಶಸ್ತಿಗಳ ಪದಕಗಳನ್ನು ಒಯ್ದರೆಂಬುದು ಬೇರೆ ಮಾತು. ಮಕ್ಕಳ ಮನಸ್ಸಿನಲ್ಲಿ ಹಿರಿಯರ ಮನೆ ಎಂದರೆ ಅಂಥದು: ಹೊಸ್ತಿಲು ದಾಟಿ ಒಳಗೆ ಹೋಗಬಹುದಾದದ್ದು, ಕಂಬವನ್ನು ಮುಟ್ಟಿ ನೋಡಬಹುದಾದದ್ದು. ವಿಜಯಪುರದಲ್ಲಿಯೂ ಅಂಥ ಮನೆಯೊಂದು ಇರಬೇಕೆಂದು ಅವರು ಎಣಿಸಿದ್ದರೆ ಅದು ಸಹಜವೇ.

ಗದಗಿನ ಕಡೆಯಿಂದ ಬರುವ ರೈಲು ವಿಜಯಪುರವನ್ನು ಮುಟ್ಟುವ ಮೊದಲು ನಮ್ಮ ಇಬ್ರಾಹಿಂಪುರವನ್ನು ಹಾಯ್ದೇ ಬರಬೇಕು. ಹೆಸರೇ ಹೇಳುವಂತೆ ಆದಿಲ್‌ಶಾಹಿಗಳ ನೆನಪನ್ನು ಹೊತ್ತ ಊರು. ಈಗ ನಗರದ ಒಂದು ಬಡಾವಣೆಯಾಗಿ ಬೆರೆತುಹೋಗಿದೆ. ಕಿಟಕಿಯಿಂದ ಹೊರಗೆ ನೋಡುತ್ತ ಬಂದ ಮಕ್ಕಳು ಇಳಿದ ಕೂಡಲೇ ಕೇಳಿದ್ದು ಮರಗಳೆಲ್ಲಿ ಎಂದು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ನಮ್ಮಲ್ಲಿ ಆರುನೂರರ ಆಸುಪಾಸು, ಅದೂ ಬಂದ ವರ್ಷ. ಜಿಲ್ಲೆಯಲ್ಲಿ ಅರಣ್ಯದ ಪಾಲು ಶೇಕಡಾ ಒಂದಕ್ಕಿಂತ ಕಡಿಮೆ. ಇತ್ತೀಚಿನ ವರ್ಷಗಳಲ್ಲಿ ಸಸಿ ನೆಡುವ ದೊಡ್ಡ ಅಭಿಯಾನಗಳು ನಡೆದಿವೆ, ಕೃಷ್ಣೆಯ ನೀರು ಕೆರೆಗಳಿಗೆ ಬಂದಿದೆ, ಹಸಿರು ಕಾಣತೊಡಗಿದೆ. ಆದರೂ ನಿಮ್ಮ ಮಕ್ಕಳ ಕಣ್ಣಿಗೆ ಅದು ಬಯಲೇ.

ಆ ಬಯಲಿಗೆ 1904ರಲ್ಲಿ ಇಪ್ಪತ್ನಾಲ್ಕು ವರ್ಷದ ಒಬ್ಬ ವಕೀಲರು ಬಂದರು. ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ಹುಟ್ಟಿದ್ದು ಧಾರವಾಡದಲ್ಲಿ, 1880ರ ಜುಲೈ 2ರಂದು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರಹಗಾರರು. ಮಗ ಮುಂಬಯಿಯಲ್ಲಿ ಓದಿ ಕಾನೂನಿನ ಪದವಿ ಪಡೆದು, ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ಮಾಡಿ, ನಮ್ಮೂರಿಗೆ ಬಂದು ನೆಲೆಸಿದರು. ಆಗ ಊರು ಹೇಗಿತ್ತೆಂಬುದನ್ನು ನೀವು ಊಹಿಸಬೇಕು. 1876-78ರ ಘೋರ ಬರದಲ್ಲಿ ಆ ಸೀಮೆಯ ಹಳ್ಳಿಗಳು ಬರಿದಾಗಿದ್ದವು. 1899-1900ರಲ್ಲಿ ಮತ್ತೊಮ್ಮೆ ಬರ ಬಿತ್ತು. ಜಿಲ್ಲೆಯ ಮುಖ್ಯ ಸ್ಥಳ ಕಲಾದಗಿಯಿಂದ ವಿಜಯಪುರಕ್ಕೆ ಬಂದದ್ದು 1885ರಲ್ಲಿ. ಬ್ರಿಟಿಷ್ ಅಧಿಕಾರಿಗಳು ಹಳೆಯ ಮಹಲುಗಳಿಗೇ ಸುಣ್ಣ ಬಳಿದು ಕಚೇರಿ ಮಾಡಿಕೊಂಡಿದ್ದರು. 1686ರಲ್ಲಿ ಆದಿಲ್‌ಶಾಹಿ ಮುಗಿದ ಮೇಲೆ ಎರಡು ಶತಮಾನ ಪಾಳು ಬಿದ್ದಿದ್ದ ಊರು ಅದು. ಅಲ್ಲಿ ಶಾಲೆ ಬೇಕಿತ್ತು, ಸಾಲ ಕೊಡುವ ನ್ಯಾಯವಾದ ಸಂಸ್ಥೆ ಬೇಕಿತ್ತು. ಬಂದ ಆರೇ ವರ್ಷಗಳಲ್ಲಿ, 1910ರಲ್ಲಿ, ಇಂದು ಬಿಎಲ್‌ಡಿಇ ಎಂದು ನಾವೆಲ್ಲ ಕರೆಯುವ ಶಿಕ್ಷಣ ಸಂಸ್ಥೆ ಹುಟ್ಟಲು ಅವರು ಕಾರಣರಾದರು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು. ಮುಂದೆ ಮುಂಬಯಿ ವಿಧಾನ ಪರಿಷತ್ತಿನ ಸದಸ್ಯತ್ವವೂ ಬಂತು. ವಕೀಲಿಯಲ್ಲಿ ಹಣ ಗಳಿಸುವ ಹಾದಿ ಅವರ ಮುಂದೆ ತೆರೆದೇ ಇತ್ತು.

ಅವರು ಆ ಹಾದಿಯಲ್ಲಿ ಹೆಚ್ಚು ದೂರ ಹೋಗಲಿಲ್ಲ. ರಬಕವಿ-ಬನಹಟ್ಟಿಯ ಸೀಮೆಯ ಮನೆಯೊಂದರಲ್ಲಿ ಅವರು ತಾಡೋಲೆಯ ಕಟ್ಟುಗಳನ್ನು ಕಂಡರು. ಅವುಗಳಲ್ಲಿ ವಚನಗಳಿದ್ದವು. ಹನ್ನೆರಡನೆಯ ಶತಮಾನದ ಶರಣರ ಮಾತುಗಳು ಆ ಕಾಲಕ್ಕೆ ಜನರ ಬಾಯಲ್ಲಿ ಅಲ್ಪಸ್ವಲ್ಪ ಉಳಿದಿದ್ದವು. ಉಳಿದದ್ದು ಮಠಗಳ ಅಟ್ಟದಲ್ಲಿ, ಮನೆಗಳ ಜಗುಲಿಯಲ್ಲಿ, ಕೆಂಪು ಬಟ್ಟೆಯ ಗಂಟಿನೊಳಗೆ. ಎಷ್ಟೋ ಮನೆಗಳಲ್ಲಿ ಅವುಗಳಿಗೆ ವಿಭೂತಿ ಹಚ್ಚಿ, ಹೂವೇರಿಸಿ ಪೂಜೆ ನಡೆಯುತ್ತಿತ್ತು. ಗಂಟು ಬಿಚ್ಚಿ ಓದುವವರು ಮಾತ್ರ ಇರಲಿಲ್ಲ. ಪೂಜೆ ಮಾಡಿದವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅವರ ಭಕ್ತಿಯಿಲ್ಲದಿದ್ದರೆ ಆ ಗರಿಗಳು ಒಲೆಗೆ ಹೋಗುತ್ತಿದ್ದವು. ಆದರೆ ಪೂಜೆಗೊಂಡ ಗರಿಯನ್ನೂ ಗೆದ್ದಲು ತಿನ್ನುತ್ತದೆ.

ಹಳಕಟ್ಟಿಯವರು ಊರೂರು ಅಲೆದರು. ಕೇಳಿದರು, ಕಾಡಿದರು, ಬೇಡಿದರು. ಸಿಕ್ಕಿದ್ದನ್ನು ತಂದರು, ತರಲು ಬಿಡದ ಕಡೆ ಕುಳಿತು ಪ್ರತಿ ಮಾಡಿಕೊಂಡರು. ಒಂದೊಂದು ವಚನಕ್ಕೂ ಹಲವು ಪ್ರತಿಗಳನ್ನು ಹೋಲಿಸಿ ಪಾಠ ನಿಶ್ಚಯಿಸಿದರು. ಮೊದಲ ಹಸ್ತಪ್ರತಿಯನ್ನು ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳುಹಿಸಿದಾಗ ಅದು ಅಚ್ಚಾಗದೆ ಹಿಂದಕ್ಕೆ ಬಂತು. ಕೊನೆಗೆ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಮುದ್ರಣಾಲಯವನ್ನು ನಂಬಿ ಈ ಕೆಲಸ ಸಾಗದೆಂದು ಅವರಿಗೆ ಮನದಟ್ಟಾಯಿತು. 1925ರಲ್ಲಿ ವಿಜಯಪುರದಲ್ಲಿ ತಮ್ಮದೇ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. ಅದಕ್ಕೆ ಹಣ? ಇದ್ದ ಸ್ವಂತ ಮನೆಯನ್ನು ಮಾರಿದರು.

ನಿಮ್ಮ ಮಕ್ಕಳು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಮಾರಿದ ಮನೆ ಬೇರೆಯವರದು; ಅದರ ಬಾಗಿಲು ಬಡಿಯುವ ಹಕ್ಕು ನಮಗಿಲ್ಲ. ಆಮೇಲೆ ಹಳಕಟ್ಟಿಯವರ ಸಂಸಾರ ಬಾಡಿಗೆಯ ಮನೆಯಲ್ಲಿ ಬದುಕಿತು. ಹರಿದ ಕೋಟು ತೊಟ್ಟು ಸೈಕಲ್ ತುಳಿಯುತ್ತ ಮುದ್ರಣಾಲಯಕ್ಕೆ ಹೋಗುತ್ತಿದ್ದ ಅವರ ಚಿತ್ರವನ್ನು ನಮ್ಮೂರಿನ ಹಿರಿಯರು ಇಂದಿಗೂ ಹೇಳುತ್ತಾರೆ. 1926ರಲ್ಲಿ ‘ಶಿವಾನುಭವ’ ಪತ್ರಿಕೆ, ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ. ಆ 1926ರಲ್ಲೇ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅವರಿಗಿಂತ ಮೊದಲು ಹೆಸರು ಗೊತ್ತಿದ್ದ ವಚನಕಾರರು ಐವತ್ತರಷ್ಟು. ಅವರ ದುಡಿಮೆ ಮುಗಿಯುವ ಹೊತ್ತಿಗೆ ಆ ಸಂಖ್ಯೆ ಇನ್ನೂರೈವತ್ತನ್ನು ಮುಟ್ಟಿತ್ತು. ಹರಿಹರನ ರಗಳೆಗಳೂ ಅವರ ಕೈಯಿಂದಲೇ ಬೆಳಕು ಕಂಡವು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟು ಗೌರವಿಸಿತು. 1964ರ ಜೂನ್ 29ರಂದು ತೀರಿಕೊಂಡರು. ಬಿ.ಎಂ.ಶ್ರೀಯವರು ಒಮ್ಮೆ ವಿಜಯಪುರಕ್ಕೆ ಬಂದಾಗ ಗೋಲಗುಂಬಜಕ್ಕಿಂತ ಮೊದಲು ವಚನಗಳ ಗುಮ್ಮಟವನ್ನು ನೋಡಬೇಕೆಂದು ಹೇಳಿ ಹಳಕಟ್ಟಿಯವರಲ್ಲಿಗೆ ಹೋದರೆಂಬ ಕಥೆ ನಮ್ಮಲ್ಲಿ ಎಲ್ಲರ ಬಾಯಲ್ಲಿದೆ. ಇಂದು ಬಿಎಲ್‌ಡಿಇ ಸಂಸ್ಥೆಯಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದೆ. ‘ಮನೆ’ ಎಂದು ತೋರಿಸಲು ನನ್ನಲ್ಲಿದ್ದದ್ದು ಅದೊಂದೇ.

ಅಲ್ಲಿಂದ ಹೊರಬಂದಾಗ ಒಬ್ಬ ಹುಡುಗ ಕೇಳಿದ, ಮನೆ ಮಾರಿದ್ದು ಸರಿಯೇ, ಹೆಂಡತಿ ಮಕ್ಕಳ ಗತಿ ಏನು ಎಂದು. ಪ್ರಶ್ನೆಯನ್ನು ನಗೆಯಾಡಿ ತೇಲಿಸಿಬಿಡಬಾರದು. ತ್ಯಾಗದ ಕಥೆಗಳಲ್ಲಿ ನಾವು ಯಜಮಾನನ ಹೆಸರನ್ನು ಹಾಡುತ್ತೇವೆ. ಬಾಡಿಗೆಯ ಮನೆಯಲ್ಲಿ ಒಲೆ ಹೊತ್ತಿಸಿದವರನ್ನು ನೆನೆಯುವುದಿಲ್ಲ. ಭಾಗೀರಥಿಯವರು ಆ ಮನೆಯ ಕಷ್ಟವನ್ನು ಹೊತ್ತರು. ಎಲ್ಲರೂ ಹಾಗೆ ಮನೆ ಮಾರಬೇಕೆಂದು ನಾನು ಯಾರಿಗೂ ಹೇಳಲಾರೆ. ಆದರೆ ಇನ್ನೊಂದು ಲೆಕ್ಕವೂ ಇದೆ. ಅವರು ಮನೆಯನ್ನು ಉಳಿಸಿಕೊಂಡು ಗರಿಗಳನ್ನು ಬಿಟ್ಟಿದ್ದರೆ, ಇಂದು ನಮಗೆ ಒಂದು ಹಳೆಯ ಮನೆ ಇರುತ್ತಿತ್ತು; ಎಷ್ಟೋ ವಚನಕಾರರ ಹೆಸರುಗಳು ಇರುತ್ತಿರಲಿಲ್ಲ. 1993ರಲ್ಲಿ ಕರ್ನಾಟಕ ಸರ್ಕಾರ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಹೊರತಂದಿತಲ್ಲ, ಅದರ ತಳಪಾಯ ಆ ಮಾರಿದ ಮನೆಯ ಹಣ. ಹೀಗೆಂದು ನಾನು ಹುಡುಗನಿಗೆ ಹೇಳಿದೆ. ಅವನು ಪೂರ್ತಿ ಒಪ್ಪಲಿಲ್ಲ. ಒಪ್ಪದೆ ಇದ್ದದ್ದು ನನಗೆ ಸಂತೋಷವೇ ಆಯಿತು.

ಮಧ್ಯಾಹ್ನ ಊಟಕ್ಕೆಂದು ಎಲ್ಲರನ್ನೂ ಇಬ್ರಾಹಿಂಪುರದ ನಮ್ಮ ಮನೆಗೆ ಕರೆದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಊಟವಾದ ಮೇಲೆ ನಮ್ಮ ಮನೆತನದಲ್ಲಿ ಉಳಿದುಬಂದಿರುವ ಒಂದು ತಾಡೋಲೆಯ ಕಟ್ಟನ್ನು ಹೊರತೆಗೆದು ಹಾಸಿಗೆಯ ಮೇಲೆ ಹರಡಿದೆ. ಅದರಲ್ಲಿ ದೊಡ್ಡ ಸಾಹಿತ್ಯವೇನೂ ಇಲ್ಲ. ಕೆಲವು ಔಷಧದ ಯೋಗಗಳು, ಒಂದಿಷ್ಟು ಲೆಕ್ಕ. ಮಕ್ಕಳು ಅಕ್ಷರಗಳನ್ನು ನೋಡುತ್ತಿದ್ದರು. ಒಬ್ಬ ಹುಡುಗಿ ಮಾತ್ರ ಅಕ್ಷರವನ್ನು ಬಿಟ್ಟು ಗರಿಯನ್ನೇ ನೋಡುತ್ತಿದ್ದಳು. ಬೆರಳಿನಲ್ಲಿ ಅದರ ಅಂಚನ್ನು ಮುಟ್ಟಿ, “ಇದು ನಮ್ಮ ಕಡೆಯ ಶ್ರೀತಾಳೆ ಅಲ್ವಾ ಸರ್?” ಎಂದಳು.

ನಾನು ಇಲ್ಲಿಗೆ ಬಂದದ್ದು ಮುಖ್ಯವಾಗಿ ಆ ಒಂದು ಮಾತಿನ ಸಲುವಾಗಿ.

ತಾಡೋಲೆಗೆ ಎರಡು ಬಗೆಯ ಮರಗಳ ಗರಿ ಬಳಕೆಯಲ್ಲಿತ್ತು. ಒಂದು ತಾಳೆ, ಅದರ ಗರಿ ದಪ್ಪ, ಬಿರುಸು, ಅಗಲ ಕಡಿಮೆ. ಇನ್ನೊಂದು ಶ್ರೀತಾಳೆ. ಅದರ ಗರಿ ತೆಳು, ಮೆತ್ತಗೆ, ಅಗಲವಾದದ್ದು. ಕಂಟದ ಮೊನೆಗೆ ಸುಲಭವಾಗಿ ಒಲಿಯುತ್ತದೆ, ಬೇಗ ಸೀಳುವುದಿಲ್ಲ. ಕನ್ನಡನಾಡಿನ ಹಳೆಯ ಓಲೆಗಳಲ್ಲಿ ಬಹುಪಾಲು ಈ ಶ್ರೀತಾಳೆಯವು. ಎಳೆಯ ಗರಿಯನ್ನು ಕೊಯ್ದು, ನಡುವಿನ ಕಡ್ಡಿ ತೆಗೆದು, ನೀರಿನಲ್ಲಿ ಕುದಿಸಿ, ನೆರಳಿನಲ್ಲಿ ಒಣಗಿಸಿ, ಉಜ್ಜಿ ನುಣುಪು ಮಾಡಿ, ಒಂದೇ ಅಳತೆಗೆ ಕತ್ತರಿಸಿ, ತೂತು ಕೊರೆದು ದಾರ ಪೋಣಿಸುತ್ತಿದ್ದರು. ಬರೆಯುವಾಗ ಶಾಯಿ ಇಲ್ಲ, ಕಬ್ಬಿಣದ ಕಂಟದಿಂದ ಕೊರೆತ ಮಾತ್ರ. ಆಮೇಲೆ ದೀಪದ ಕಾಡಿಗೆ ಸವರಿ ಒರೆಸಿದರೆ ಅಕ್ಷರ ಕಪ್ಪಾಗಿ ಎದ್ದು ಕಾಣುತ್ತದೆ.

ಈಗ ಯೋಚಿಸಿ. ಶ್ರೀತಾಳೆ ನಮ್ಮ ಬಯಲಿನಲ್ಲಿ ಬೆಳೆಯುವ ಮರವಲ್ಲ. ಅದಕ್ಕೆ ನಿಮ್ಮ ಮಳೆ ಬೇಕು, ಕರಾವಳಿಯ ಹಸಿ ಗಾಳಿ ಬೇಕು. ಆರುನೂರು ಮಿಲಿಮೀಟರ್ ಮಳೆಯ ನಾಡಿನ ಮಾತು ಆ ಗರಿಗಳ ಮೇಲೆ ನೆಲೆ ನಿಂತಿದ್ದರೆ, ಗರಿ ಘಟ್ಟದ ಕಡೆಯಿಂದ ಎತ್ತಿನ ಬೆನ್ನೇರಿ ಬಂದಿರಲೇಬೇಕು. ವಚನಗಳನ್ನು ಬಯಲುಸೀಮೆಯವರು ನಮ್ಮವು ಎನ್ನುತ್ತೇವೆ. ಆಡಿದವರು ಬಹುಮಟ್ಟಿಗೆ ನಮ್ಮವರೇ ಇರಬಹುದು, ಆದರೆ ಅವು ಕೂತು ಬಂದ ಎಲೆ ನಿಮ್ಮದು. ಹಳಕಟ್ಟಿಯವರು ಮನೆ ಮಾರಿ ಉಳಿಸಿದ್ದರಲ್ಲಿ ನಿಮ್ಮ ಕಾಡಿನ ಪಾಲಿದೆ.

ಆ ಮರದ ಸ್ಥಿತಿ ಇಂದು ಏನಾಗಿದೆ ಎಂಬುದನ್ನು ನನಗಿಂತ ನೀವೇ ಚೆನ್ನಾಗಿ ಬಲ್ಲಿರಿ. ಶ್ರೀತಾಳೆ ಬದುಕಿನಲ್ಲಿ ಒಂದೇ ಸಲ ಹೂ ಬಿಡುತ್ತದೆ. ಮೂವತ್ತರಿಂದ ಎಂಬತ್ತು ವರ್ಷ ಬೆಳೆದು, ತುದಿಯಲ್ಲಿ ಬೃಹತ್ತಾದ ಹೂಗೊಂಚಲನ್ನು ಎತ್ತಿ ಹಿಡಿಯುತ್ತದೆ. ಲಕ್ಷಗಟ್ಟಲೆ ಹೂಗಳು. ಜಗತ್ತಿನ ಸಸ್ಯಗಳಲ್ಲಿ ಇಷ್ಟು ದೊಡ್ಡ ಕವಲೊಡೆದ ಹೂಗೊಂಚಲು ಬೇರೊಂದಿಲ್ಲವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಕಾಯಿ ಬಲಿಯಲು ಸುಮಾರು ಒಂದು ವರ್ಷ. ಆಮೇಲೆ ಮರ ಸಾಯುತ್ತದೆ. ಇಷ್ಟು ಕಾಲ ಕೂಡಿಟ್ಟದ್ದನ್ನೆಲ್ಲ ಒಂದೇ ಬಾರಿ ಬೀಜಕ್ಕೆ ಸುರಿದು ಹೋಗುವ ಮರ. ಅಪರೂಪಕ್ಕೆ ಅರಳುವುದೇ ಅದಕ್ಕೆ ಮುಳುವಾಗಿದೆ. ಕರಾವಳಿಯಲ್ಲಿಯೂ ಘಟ್ಟದ ಬುಡದ ಕೆಲವೆಡೆಯಲ್ಲಿಯೂ ಹೂ ಬಿಟ್ಟ ಶ್ರೀತಾಳೆ ಅಪಶಕುನ, ಅದರಲ್ಲಿ ಭೂತವಿದೆ, ಊರಿಗೆ ಕೇಡು ಎಂಬ ಭಯವಿದೆ. ಹೂ ಕಂಡ ಕೂಡಲೇ ಕಡಿಯುತ್ತಾರೆ. ಹೂವಿನಲ್ಲಿ ಕಡಿದರೆ ಆ ಮರದ ಸಂತತಿಯೇ ಮುಗಿಯಿತು, ಹಿಂದಿನ ಐವತ್ತು ವರ್ಷದ ಬೆಳವಣಿಗೆಯೆಲ್ಲ ವ್ಯರ್ಥ.

ಇದೇ ಮರದ ಗರಿಯಿಂದ ನಿಮ್ಮ ಹಿಂದಿನವರು ಕೊಡೆ ಮಾಡಿದರು, ಮಳೆಗೆ ಮಾಡು ಮುಚ್ಚಿದರು. ಕಷ್ಟಕಾಲದಲ್ಲಿ ಕಾಂಡದ ತಿರುಳನ್ನು ಕುಟ್ಟಿ ಹಿಟ್ಟು ತೆಗೆದು ಗಂಜಿ ಕಾಸಿದರು. ಬರದಲ್ಲಿ ಹೊಟ್ಟೆಗೆ ಅನ್ನವಾದ ಮರಕ್ಕೆ ಭೂತವೆಂಬ ಹೆಸರು ಹೇಗೆ ಬಂತೋ! ನನ್ನ ಊಹೆ ಇಷ್ಟು: ಒಬ್ಬ ಮನುಷ್ಯ ತನ್ನ ಆಯುಷ್ಯದಲ್ಲಿ ಒಂದೆರಡು ಸಲ ಕಾಣುವಂಥದನ್ನು ಕಂಡಾಗ, ಆ ವರ್ಷ ಊರಿನಲ್ಲಿ ನಡೆದ ಸಾವುನೋವನ್ನೆಲ್ಲ ಅದರ ತಲೆಗೆ ಕಟ್ಟುವುದು ಸುಲಭ.

ಸಂಜೆ ತಾಜ್ ಬಾವಡಿಯನ್ನು ನೋಡಿದೆವು. 1620ರಲ್ಲಿ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಕಟ್ಟಿದ್ದು. ಎರಡು ಎಂಟುಮೂಲೆಯ ಗೋಪುರಗಳ ನಡುವಿನ ಕಮಾನನ್ನು ದಾಟಿ ಮೆಟ್ಟಿಲಿಳಿದರೆ ನೀರು. ದಶಕಗಳ ಕಾಲ ಕಸ, ಪ್ಲಾಸ್ಟಿಕ್, ಹಬ್ಬದ ಮೂರ್ತಿಗಳು ಎಲ್ಲ ಅದರೊಳಗೆ ಬಿದ್ದವು. ಕೆಲವು ವರ್ಷಗಳ ಹಿಂದೆ ಹೂಳು ತೆಗೆದು ಶುಚಿ ಮಾಡಿದರು. ಅದರ ಬಗ್ಗೆ ಇಷ್ಟು ಸಾಕು. ನೀರಿನ ಕಥೆ ಹೇಳಲು ಹೊರಟರೆ ರಾತ್ರಿಯಾಗುತ್ತದೆ.

ಈಗ ನಿಮ್ಮ ಮನೆಗಳಿಗೆ ಬರುತ್ತೇನೆ.

ನಾನು ನಿನ್ನೆ ಬಂದು ಇಳಿದಾಗಿನಿಂದ ನಾಲ್ಕು ಹಳೆಯ ಮನೆಗಳನ್ನು ನೋಡಿದೆ. ಎರಡು ಬೀಗ ಹಾಕಿದ್ದವು. ಒಂದರ ಕಂಬಗಳನ್ನು ಬಿಚ್ಚಿ ಲಾರಿಗೆ ಹಾಕುತ್ತಿದ್ದರು. ನಗರದಲ್ಲಿ ಯಾರದೋ ರೆಸಾರ್ಟಿನ ಬಾಗಿಲಿಗೆ ನಿಮ್ಮ ಅಜ್ಜನ ಮನೆಯ ಚೌಕಟ್ಟು ಹೋಗುತ್ತದೆ. ಮಾರುವವರನ್ನು ಬೈಯಲು ನನಗೆ ಬಾಯಿಲ್ಲ. ಅಡಕೆಗೆ ರೋಗ, ಮಗ ಬೆಂಗಳೂರಿನಲ್ಲಿ, ಮಾಡಿನ ಹಂಚು ಸೋರುತ್ತದೆ, ದೊಡ್ಡ ಮನೆಯನ್ನು ಗುಡಿಸಿ ಸಾರಿಸಲು ಕೈಗಳಿಲ್ಲ. ಕಂಬ ಹೋಗುವುದನ್ನು ತಡೆಯಲು ಆಗದಿದ್ದರೂ ಅಟ್ಟದಲ್ಲಿರುವುದನ್ನು ಮೊದಲು ಇಳಿಸಿ ನೋಡಿ ಎಂದಷ್ಟೇ ನನ್ನ ಬೇಡಿಕೆ. ಮನೆ ಬಿಚ್ಚುವವರು ಮರವನ್ನು ಒಯ್ದು ಉಳಿದದ್ದನ್ನೆಲ್ಲ ಅಂಗಳದಲ್ಲಿ ರಾಶಿ ಹಾಕಿ ಸುಡುತ್ತಾರೆ. ಆ ರಾಶಿಯಲ್ಲಿ ಏನಿರುತ್ತದೆಂದು ನಿಮಗೆ ಗೊತ್ತೇ?

ಕಡತಗಳಿರುತ್ತವೆ. ಬಟ್ಟೆಗೆ ಇದ್ದಿಲು ಮತ್ತು ಹುಣಸೆಬೀಜದ ಅಂಟು ಬಳಿದು, ಬಳಪದಿಂದ ಬರೆದು, ಮಡಿಚಿ ಇಟ್ಟ ಲೆಕ್ಕದ ಪುಸ್ತಕಗಳು. ಶೃಂಗೇರಿ ಮಠದ ಕಡತಗಳಿಂದ ಮಲೆನಾಡಿನ ಇತಿಹಾಸದ ಎಷ್ಟೋ ಸಂಗತಿ ಹೊರಬಂದಿತು. ಸಾಗರ ತಾಲೂಕಿನ ಕೆಳದಿಯ ವಸ್ತುಸಂಗ್ರಹಾಲಯವನ್ನು ನೀವು ನೋಡಿರಬಹುದು. ಓಲೆಗರಿ, ಕಡತ, ಹಳೆಯ ಕಾಗದಗಳನ್ನು ಮನೆಮನೆಯಿಂದ ಕೂಡಿಸಿದ್ದರಿಂದಲೇ ಅದು ಆಯಿತು. ಮೈಸೂರಿನ ಓರಿಯಂಟಲ್ ಗ್ರಂಥಾಲಯಕ್ಕೆ ಯಾರೋ ತಂದುಕೊಟ್ಟ ಓಲೆಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿತು. 1909ರಲ್ಲಿ ಅದು ಅಚ್ಚಾಗಿ ಜಗತ್ತಿಗೆ ತಿಳಿಯಿತು. ನಿಮ್ಮ ಅಟ್ಟದಲ್ಲಿ ಅರ್ಥಶಾಸ್ತ್ರ ಇರದಿರಬಹುದು. ಆದರೆ ಯಾವ ಕೆರೆಯ ಹೂಳನ್ನು ಯಾವ ವರ್ಷ ಯಾರು ತೆಗೆದರು, ಯಾವ ಕಾನಿನ ಮೆಣಸು ಯಾರ ಪಾಲಿನದು, ತೋಟಕ್ಕೆ ಸೊಪ್ಪು ತರುವ ಬೆಟ್ಟದ ಎಲ್ಲೆ ಎಲ್ಲಿ ಎಂಬ ಬರಹ ಇರಬಹುದು. ಕಾಡು ಹೇಗಿತ್ತೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು?

ಸಾಕ್ಷಿ ಎಂಬ ಮಾತನ್ನು ನಾನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಹೆಸರು ಕೇಳದವರು ಈ ಸಭೆಯಲ್ಲಿ ಇರಲಾರರು. ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಎಂದರೆ ಎಪ್ಪತ್ತೈದು ವರ್ಷ, ಅಲ್ಲಿ ನೆಲೆಸಿ ಕಾಡನ್ನು ನೆಚ್ಚಿ ಬದುಕಿದ್ದನ್ನು ತೋರಿಸಬೇಕು. ಅಷ್ಟು ಹಿಂದಿನ ಸರ್ಕಾರಿ ಕಾಗದ ಬಡವರ ಮನೆಯಲ್ಲಿ ಎಲ್ಲಿರುತ್ತದೆ? ಆದರೆ ಆ ಕಾಯ್ದೆಯ ನಿಯಮಗಳು ಸಾಕ್ಷ್ಯದ ಪಟ್ಟಿಯನ್ನು ಸಾಕಷ್ಟು ಅಗಲವಾಗಿಯೇ ಮಾಡಿವೆ. ಸರ್ಕಾರಿ ದಾಖಲೆ, ಗೆಜೆಟಿಯರ್, ನಕಾಶೆಗಳಷ್ಟೇ ಅಲ್ಲ. ಮನೆ, ಗುಡಿಸಲು, ನೆಲದಲ್ಲಿ ಮಾಡಿದ ಶಾಶ್ವತ ಸುಧಾರಣೆ, ಬಾವಿ, ಸ್ಮಶಾನ, ದೇವರ ಸ್ಥಳ, ವಂಶಾವಳಿ, ಹಿರಿಯರ ಬರೆದಿಟ್ಟ ಹೇಳಿಕೆ ಇವೂ ಸಾಕ್ಷ್ಯವೇ. ಒಂದಕ್ಕಿಂತ ಹೆಚ್ಚು ಬೇಕು, ಅಷ್ಟೆ. ಹಳೆಯ ಮನೆಯ ಪಂಚಾಂಗ ಎಂದರೆ ಅಡಿಪಾಯ, ಅಂಗಳದ ಬಾವಿ, ಹಿತ್ತಲಿನ ನಾಗರ ಕಲ್ಲು, ಅಜ್ಜಿಯ ಬಾಯಲ್ಲಿರುವ ಏಳು ತಲೆಯ ಹೆಸರು ಇವೆಲ್ಲ ಕಾಯ್ದೆಯ ಕಣ್ಣಿನಲ್ಲಿ ಮಾತನಾಡಬಲ್ಲವು. ಇದನ್ನು ಹಿಡಿದು ಇಲ್ಲದ ಹಕ್ಕನ್ನು ಸೃಷ್ಟಿಸುವ ಜಾಣರೂ ಇದ್ದಾರೆಂಬುದು ನನಗೆ ತಿಳಿದಿದೆ. ಅಂಥವರನ್ನು ಸುಳ್ಳೆಂದು ತೋರಿಸಲಿಕ್ಕೂ ಇದೇ ದಾಖಲೆ ಬೇಕು.

ಮುಳುಗಡೆಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹಳಕಟ್ಟಿಯವರು ತೀರಿಕೊಂಡ 1964ರಲ್ಲೇ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಶರಾವತಿಯ ಕೆಳಗೆ ಹೋದ ಮನೆಗಳ ಅಟ್ಟದಲ್ಲಿ ಏನಿತ್ತೆಂದು ಇನ್ನು ಯಾರೂ ಹೇಳಲಾರರು. ನಮ್ಮ ಕಡೆ ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು ನುಂಗಿತು. ಊರು ನವನಗರಕ್ಕೆ ಎದ್ದು ಹೋಯಿತು. ಪರಿಹಾರದ ಲೆಕ್ಕ ಬರೆಯುವಾಗ ಗೋಡೆಗೆ ಬೆಲೆ ಕಟ್ಟಿದರು, ಮರಕ್ಕೆ ಬೆಲೆ ಕಟ್ಟಿದರು. ಬರೆದಿಟ್ಟದ್ದಕ್ಕೆ ಬೆಲೆಯ ಕಲಮೇ ಇರಲಿಲ್ಲ. ಮುಂದೆ ನಿಮ್ಮ ಕಣಿವೆಗೆ ಯಾವ ಯೋಜನೆ ಬರುತ್ತದೋ! ಬಂದಾಗ ನಿಮ್ಮ ಕೈಯಲ್ಲಿ ಏನಿರಬೇಕೆಂಬುದನ್ನು ಈಗಲೇ ಯೋಚಿಸಬಹುದು.

ಏನು ಮಾಡಬೇಕು ಎಂದು ನಿನ್ನೆ ರಾತ್ರಿ ಕೆಲವರು ಕೇಳಿದಿರಿ. ದೊಡ್ಡ ಹಣ ಬೇಡ, ಮಳೆ ಹಿಡಿಯುವ ಮೊದಲು ಒಂದು ಸಲ ಅಟ್ಟ ಹತ್ತಿದರೆ ಸಾಕು. ಸಿಕ್ಕ ಗರಿಯನ್ನಾಗಲಿ ಕಾಗದವನ್ನಾಗಲಿ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಬಿಸಿಲಿಗೆ ಹರವಬೇಡಿ. ಅಂಟಿಕೊಂಡ ಹಾಳೆಯನ್ನು ಎಳೆದು ಬಿಡಿಸಬೇಡಿ. ಅಂಟುಪಟ್ಟಿ ಹಚ್ಚಬೇಡಿ, ಪ್ಲಾಸ್ಟಿಕ್ ಹೊದಿಕೆ ಹಾಕಿಸಬೇಡಿ. ನಿಮ್ಮ ಹವೆಯಲ್ಲಿ ಅದರೊಳಗೆ ಬೂಷ್ಟು ಹಿಡಿದು ಒಂದೇ ಮಳೆಗಾಲಕ್ಕೆ ಮುಗಿಯುತ್ತದೆ. ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಜೊತೆಗೆ ಒಣಗಿದ ಬೇವಿನೆಲೆ ಅಥವ ಬಜೆಯ ತುಂಡನ್ನಿಟ್ಟು ನೆಲದಿಂದ ಎತ್ತರದಲ್ಲಿ ಇಡಿ. ಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುವ ಪದ್ಧತಿ ಇದೆ, ಅದನ್ನು ಬಲ್ಲವರ ಕೈಯಲ್ಲೇ ಮಾಡಿಸಿ. ವಿದ್ಯಾರ್ಥಿಗಳ ಕೈಯಲ್ಲಿ ಮೊಬೈಲ್ ಇದೆ. ಒಂದೊಂದು ಗರಿಯನ್ನೂ, ಎರಡೂ ಮಗ್ಗುಲನ್ನೂ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು ಎರಡು ಕಡೆ ಕಾಪಿಡಿ. ಮೂಲವನ್ನು ಯಾರಿಗೂ ಕೊಡಬೇಕಾಗಿಲ್ಲ, ಮನೆಯವರ ಬಳಿಯೇ ಇರಲಿ. 2003ರಲ್ಲಿ ಕೇಂದ್ರ ಸರ್ಕಾರ ಹಸ್ತಪ್ರತಿಗಳ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿದಾಗಿನಿಂದ ಪಟ್ಟಿ ಮಾಡುವ ಕೆಲಸ ನಡೆದಿದೆ. ಆದರೆ ದಿಲ್ಲಿಯ ಪಟ್ಟಿ ನಿಮ್ಮ ಅಟ್ಟದವರೆಗೆ ಬರುವುದನ್ನು ಕಾದು ಕುಳಿತರೆ ಗೆದ್ದಲು ಕಾಯುವುದಿಲ್ಲ. ಓದಲು ಬಾರದ ಅಕ್ಷರವಿದ್ದರೆ ಚಿತ್ರವನ್ನು ನನಗೆ ಕಳುಹಿಸಿ. ನನಗೂ ಬಾರದಿದ್ದರೆ ಓದುವವರನ್ನು ನಾನು ಹುಡುಕುತ್ತೇನೆ.

ಇನ್ನು ಮನೆ ಇಲ್ಲದವರ ಮಾತು. ದೊಡ್ಡ ತೊಟ್ಟಿಮನೆ, ಅಟ್ಟ, ಕಡತ ಎಲ್ಲರಿಗೂ ಇರಲಿಲ್ಲ. ಹಿಂದೆ ಕುಳಿತಿರುವ ಕೆಲವು ಹಿರಿಯರ ಮುಖದಲ್ಲಿ ಈ ಪ್ರಶ್ನೆಯನ್ನು ನಾನು ಆಗಲೇ ಕಂಡೆ. ಆ ದೊಡ್ಡ ಮನೆಗಳ ಕಂಬಗಳನ್ನು ಕಾಡಿನಿಂದ ಹೊತ್ತು ತಂದವರ ಹೆಸರು ಯಾವ ಕಡತದಲ್ಲಿಯೂ ಇರಲಾರದು. ಅವರ ದಾಖಲೆ ಅವರ ನಾಲಿಗೆಯ ಮೇಲಿದೆ. ಮಾದಾರ, ಅಂಬಿಗ, ಒಕ್ಕಲಿಗ, ಸೂಳೆ, ಕಳ್ಳ ಎಂದು ಕರೆಸಿಕೊಂಡವರ ಮಾತೂ ವಚನವಾಗಿ ಗರಿಯ ಮೇಲೆ ಬಂದದ್ದು ಯಾರೋ ಕೂತು ಕೇಳಿ ಬರೆದುಕೊಂಡದ್ದರಿಂದ. ಆದ್ದರಿಂದ ವಿದ್ಯಾರ್ಥಿಗಳು ಅಟ್ಟವನ್ನು ಎಷ್ಟು ಶ್ರದ್ಧೆಯಿಂದ ಹತ್ತುತ್ತಾರೋ ಕೇರಿಗೂ ಅಷ್ಟೇ ಶ್ರದ್ಧೆಯಿಂದ ಹೋಗಬೇಕು. ಯಾವ ಮರ ಯಾವ ತಿಂಗಳು ಹೂ ಬಿಡುತ್ತಿತ್ತು, ಯಾವ ಹಳ್ಳ ಬೇಸಿಗೆಯಲ್ಲಿ ಬತ್ತುತ್ತಿರಲಿಲ್ಲ, ಯಾವ ಗೆಡ್ಡೆಯನ್ನು ಬರದಲ್ಲಿ ತಿಂದರು ಎಂಬುದನ್ನು ಕೇಳಿ, ಹೇಳಿದವರ ಹೆಸರು, ವಯಸ್ಸು, ದಿನಾಂಕ ಹಾಕಿ ಬರೆದಿಡಿ. ಹಿರಿಯರ ಹೇಳಿಕೆಯೂ ಸಾಕ್ಷ್ಯವೆಂದು ಆಗಲೇ ಹೇಳಿದೆನಲ್ಲ.

ಇನ್ನು ಕೊನೆಯ ಸಂಗತಿ. ನಮ್ಮ ಮನೆಯಲ್ಲಿ ಗರಿಯನ್ನು ಗುರುತಿಸಿದ ಆ ಹುಡುಗಿ ಊರಿಗೆ ಮರಳಿದ ಮೇಲೆ, ಕಳೆದ ವರ್ಷ ಹೂ ಬಿಟ್ಟ ಒಂದು ಶ್ರೀತಾಳೆಯನ್ನು ಕಡಿಯದಂತೆ ಅದರ ಒಡೆಯರನ್ನು ಒಪ್ಪಿಸಿದ್ದಾಳೆ. ಅವಳೊಬ್ಬಳೇ ಅಲ್ಲ, ಅವಳ ಅಜ್ಜಿಯೂ ಜೊತೆಗೆ ಹೋಗಿ ಮಾತನಾಡಿದರಂತೆ. ಕಾಯಿ ಬಲಿತು ಉದುರಿವೆ. ಗೋಲಿಯಷ್ಟು ದಪ್ಪದ ಬೀಜಗಳು. ಎರಡು ಚೀಲ ತುಂಬಿ ಬಾಗಿಲ ಬಳಿ ಇಟ್ಟಿದ್ದಾರೆ. ಹೋಗುವಾಗ ಬೇಕಾದಷ್ಟು ಒಯ್ಯಬಹುದು. ಮೊಳೆಯಲು ತಿಂಗಳುಗಳೇ ಬೇಕು, ಬರಲಿಲ್ಲವೆಂದು ಕೆದಕಬೇಡಿ. ಮರ ದೊಡ್ಡದಾಗುತ್ತದೆ, ಗರಿ ಒಂದೊಂದೂ ಮಾಡಿನಷ್ಟು ಅಗಲ. ಮನೆಗೂ ವಿದ್ಯುತ್ ತಂತಿಗೂ ದೂರ, ಹಳ್ಳದ ದಂಡೆಯಲ್ಲಿ, ದನ ಮೇಯದ ಕಡೆ ನೆಡಿ. ನಾನೂ ನಾಲ್ಕು ಬೀಜ ತೆಗೆದುಕೊಂಡಿದ್ದೇನೆ. ಇಬ್ರಾಹಿಂಪುರದ ಬಿಸಿಲಿನಲ್ಲಿ ಅವು ಬದುಕಲಾರವೆಂದು ನಿಮ್ಮ ಮಕ್ಕಳು ಈಗಾಗಲೇ ನನಗೆ ಹೇಳಿದ್ದಾರೆ. ಮನೆಯ ಹಿಂದೆ ಬಚ್ಚಲ ನೀರು ಹರಿಯುವ ಕಡೆ ಹಾಕಿ ನೋಡುತ್ತೇನೆ.